ಕಲ್ಪತರು ನಾಡಿನ ಒಲೆ

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಬರುವ ಇತಿಹಾಸಾಸಕ್ತರು ಸಾಮಾನ್ಯವಾಗಿ ಎರಡು ಗುಡಿಗಳನ್ನು ನೋಡಿ ಹಿಂದಿರುಗುತ್ತಾರೆ. ಒಂದು ೯ನೆಯ ಶತಮಾನದ ಕಲ್ಲೇಶ್ವರ ದೇವಾಲಯ. ಅದರ ಒಳಮಾಳಿಗೆಯ ನಡುವೆ ನರ್ತಿಸುವ ಶಿವನೂ ಆತನ ಸುತ್ತ ದಿಕ್ಪಾಲಕರೂ ಇರುವ ಶಿಲ್ಪವು ನೊಳಂಬ ಶೈಲಿಯ ಶ್ರೇಷ್ಠ ಕೃತಿಗಳಲ್ಲಿ ಒಂದೆಂದು ವಿದ್ವಾಂಸರು ಒಪ್ಪಿದ್ದಾರೆ. ಇನ್ನೊಂದು ೧೩ನೆಯ ಶತಮಾನದ ಚೆನ್ನಕೇಶವ ದೇವಾಲಯ. ಹೊಯ್ಸಳರ ಕಾಲದ ಈ ಗುಡಿಯಲ್ಲಿ ಕೆಲಸ ಮಾಡಿದ ಹೊನೋಜನೆಂಬ ಶಿಲ್ಪಿಯ ಹೆಸರು ಇಂದಿಗೂ ಉಳಿದಿದೆ. ಕಲ್ಲು ಕಡೆದವನ ಹೆಸರು ಉಳಿಯಿತು. ಆ ಕೆಲಸ ನಡೆದಷ್ಟು ಕಾಲವೂ ಆತನ ಮನೆಯಲ್ಲಿ ಧಾನ್ಯ ಕುಟ್ಟಿ, ಹಿಟ್ಟು ಬೀಸಿ, ಒಲೆಯ ಬೆಂಕಿ ಆರದಂತೆ ಕಾಯ್ದವರ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಅಡುಗೆಮನೆಗೆ ಶಾಸನವಿಲ್ಲ. ಮಣ್ಣಿನ ಒಲೆ ಒಂದು ಮಳೆಗಾಲಕ್ಕೆ ಕರಗುತ್ತದೆ. ಬಾಳೆಯ ಎಲೆ ಅಂದಿನ ಊಟಕ್ಕೇ ಮುಗಿಯುತ್ತದೆ.

ಆದರೂ ಕರ್ನಾಟಕದ ಮನೆಯಡುಗೆಯ ಇತಿಹಾಸವನ್ನು ಬರೆಯಲು ಸಾಮಗ್ರಿಯೇ ಇಲ್ಲವೆನ್ನಲಾಗದು. ಜೈನ ಪರಂಪರೆಯು ಅಡುಗೆಮನೆಯನ್ನು ಕುರಿತು ಯೋಚಿಸಿದಷ್ಟು ಸೂಕ್ಷ್ಮವಾಗಿ ಬೇರೆ ಪರಂಪರೆಗಳು ಯೋಚಿಸಿದ್ದು ವಿರಳ. ಪುರಾಣಗಳಲ್ಲಿ, ಶ್ರಾವಕಾಚಾರ ಗ್ರಂಥಗಳಲ್ಲಿ, ದಾನಶಾಸನಗಳಲ್ಲಿ, ಕಡೆಗೆ ಜೈನಕವಿಯೊಬ್ಬನು ಬರೆದ ಪಾಕಗ್ರಂಥದಲ್ಲಿ ಈ ಇತಿಹಾಸವು ಚದುರಿ ಬಿದ್ದಿದೆ. ಅರಳಗುಪ್ಪೆಯ ಸುತ್ತಲಿನ ಸೀಮೆಯೂ ಜಿನಧರ್ಮಕ್ಕೆ ಹೊಸದಲ್ಲ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಶಾಂತೀಶ್ವರ ಬಸದಿಯಿದೆ. ತುಮಕೂರಿನ ಹತ್ತಿರ ಮಂದರಗಿರಿಯಿದೆ. ಹುಳಿಯಾರಿನ ಸಮೀಪದ ಹೆಗ್ಗೆರೆಯಲ್ಲಿ ೧೨ನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. ಇವೆಲ್ಲವೂ ಇರುವುದು ತೆಂಗಿನ ನಾಡಿನಲ್ಲಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಜನರು ತಮ್ಮ ನಾಡನ್ನು ಕಲ್ಪತರು ನಾಡೆಂದು ಕರೆಯುತ್ತಾರೆ. ಜೈನ ಓದುಗರಿಗೆ ಈ ಹೆಸರು ಬರಿಯ ಅಲಂಕಾರವಾಗಿ ಕೇಳಿಸದು. ಏಕೆಂದರೆ ಅಡುಗೆಯ ಜೈನ ಇತಿಹಾಸವು ಆರಂಭವಾಗುವುದೇ ಕಲ್ಪವೃಕ್ಷಗಳಿಂದ.

ಭೋಗಭೂಮಿಯಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳಿದ್ದುವೆಂದು ಪುರಾಣಗಳು ಹೇಳುತ್ತವೆ. ಅವುಗಳ ಪಟ್ಟಿಯನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವಾದ್ಯ ಕೊಡುವ ಮರ, ಆಭರಣ ಕೊಡುವ ಮರ, ಹೂಮಾಲೆ ಕೊಡುವ ಮರ, ವಸ್ತ್ರ ಕೊಡುವ ಮರ, ಬೆಳಕನ್ನೇ ಸೂಸುವ ಜ್ಯೋತಿರಂಗ, ಇವು ಐದು. ಉಳಿದ ಐದೂ ಮನೆಗೆ ಸಂಬಂಧಿಸಿದವು: ಕುಡಿಯಲು ಕೊಡುವ ಪಾನಾಂಗ, ಉಣ್ಣಲು ಕೊಡುವ ಭೋಜನಾಂಗ, ಪಾತ್ರೆ ಕೊಡುವ ಭಾಜನಾಂಗ, ದೀಪ ಕೊಡುವ ದೀಪಾಂಗ, ಮನೆಯನ್ನೇ ಕೊಡುವ ಗೃಹಾಂಗ. ಮನುಷ್ಯನ ಬಯಕೆಗಳಲ್ಲಿ ಸರಿಯಾಗಿ ಅರ್ಧವು ಒಂದು ಅಡುಗೆಮನೆಯಷ್ಟೇ ಎಂದು ಪುರಾಣಕಾರರು ಕಂಡುಕೊಂಡಿದ್ದರು. ಆ ಕಾಲದಲ್ಲಿ ಒಲೆಯಿರಲಿಲ್ಲ, ಅಡುಗೆಯಿರಲಿಲ್ಲ, ಆದ್ದರಿಂದ ಅಡುಗೆ ಮಾಡುವವರೂ ಇರಲಿಲ್ಲ.

ಕಾಲವು ಇಳಿಯುತ್ತ ಬಂದಂತೆ ಈ ಮರಗಳು ಒಂದೊಂದಾಗಿ ಮರೆಯಾದುವು. ಹಸಿದು ಹೆದರಿದ ಪ್ರಜೆಗಳು ಹದಿನಾಲ್ಕನೆಯ ಕುಲಕರನಾದ ನಾಭಿರಾಜನ ಬಳಿಗೆ ಹೋದರು. ೯ನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ರಚಿಸಿದ ಆದಿಪುರಾಣದಲ್ಲಿ ಈ ಪ್ರಸಂಗವು ಬರುತ್ತದೆ. ನಾಭಿರಾಜನು ಅವರಿಗೆ ಉಪದೇಶ ಮಾಡಲಿಲ್ಲ; ನೆಲದಿಂದ ತಾನಾಗಿ ಬೆಳೆದ ಗಿಡಮರಗಳನ್ನು ತೋರಿಸಿ ಇದನ್ನು ತಿನ್ನಬಹುದು, ಇದು ವಿಷ, ಬಿಡಿ, ಕಬ್ಬನ್ನು ಹೀಗೆ ಹಿಂಡಿ ಎಂದು ಹೇಳಿಕೊಟ್ಟನು. ಆನೆಯ ಕುಂಭಸ್ಥಳದ ಮೇಲೆ ಹಸಿಮಣ್ಣನ್ನು ತಟ್ಟಿ ಪಾತ್ರೆ ಮಾಡಿ ತೋರಿಸಿದನು. ಜೈನ ಪುರಾಣದ ಮೊದಲ ಗಡಿಗೆ ಇದು. ಆತನ ಮಗನಾದ ಆದಿನಾಥನು ಮುಂದೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದನು. ೯೪೧ರಲ್ಲಿ ಪಂಪನು ಕನ್ನಡದಲ್ಲಿ ಹಾಡಿದ್ದು ಈ ಪ್ರಭುವಿನ ಚರಿತೆಯನ್ನೇ. ವಾಣಿಜ್ಯವು ಷಟ್ಕರ್ಮಗಳಲ್ಲಿ ಒಂದೆಂದು ವ್ಯಾಪಾರಿ ಮನೆತನದವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆದರೆ ಗಡಿಗೆಯು ವಾಣಿಜ್ಯಕ್ಕಿಂತ ಹಿಂದಿನದು. ಅಂಗಡಿಗಿಂತ ಮೊದಲು ಅಡುಗೆಮನೆ ಬಂದಿತು.

ಈ ಕಥೆಯ ಹಿನ್ನೆಲೆಯಲ್ಲಿ ತೆಂಗಿನ ಮರವನ್ನು ನೋಡಬೇಕು. ಮೇಲೆ ಹೇಳಿದ ಐದು ಮರಗಳ ಕೆಲಸವನ್ನೂ ಇದು ಒಂದೇ ಮಾಡುತ್ತದೆ. ಎಳನೀರು ಪಾನ, ಕಾಯಿ ಭೋಜನ, ಕರಟ ಪಾತ್ರೆ, ಎಣ್ಣೆ ದೀಪ, ಹೆಣೆದ ಗರಿ ಮನೆಯ ಸೂರು. ವ್ಯತ್ಯಾಸವೊಂದೇ: ಕಲ್ಪವೃಕ್ಷವು ಬೇಡಿದೊಡನೆ ಕೊಡುತ್ತಿತ್ತು, ತೆಂಗು ಹಾಗೆ ಕೊಡದು. ಹತ್ತಿ ಕೀಳಬೇಕು, ಸುಲಿಯಬೇಕು, ಒಡೆಯಬೇಕು, ತುರಿಯಬೇಕು, ಅರೆಯಬೇಕು.

ಅದರಲ್ಲಿಯೂ ಈ ಸೀಮೆಯ ಹೆಸರಾಂತ ಪದಾರ್ಥವಾದ ಉಂಡೆ ಕೊಬ್ಬರಿಗೆ ಬೇಕಾದ ತಾಳ್ಮೆ ದೊಡ್ಡದು. ಚೆನ್ನಾಗಿ ಬಲಿತ ಕಾಯಿಗಳನ್ನು ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ಪೇರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡಬೇಕು. ಒಳಗಿನ ನೀರು ಮೆಲ್ಲಮೆಲ್ಲನೆ ಇಂಗಿ, ತಿರುಳು ಒಣಗಿ, ಕರಟವನ್ನು ಬಿಟ್ಟು ಬೇರೆಯಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ಲೊಟಲೊಟನೆ ಸದ್ದಾದರೆ ಕೊಬ್ಬರಿ ಸಿದ್ಧವೆಂದು ಅರ್ಥ. ಅಲ್ಲಿಯವರೆಗೆ ಮನೆಯ ಮೇಲ್ಭಾಗವೆಲ್ಲ ಕಾಯಿಯದೇ. ವ್ಯಾಪಾರಿಯ ಖಾತೆಯಲ್ಲಿ ಇದು ವರ್ಷಾವಧಿ ಸಿಕ್ಕಿಕೊಂಡ ಬಂಡವಾಳ. ತಿಪಟೂರಿನ ಮಾರುಕಟ್ಟೆಯ ದರ ಏರುವುದನ್ನೋ ಇಳಿಯುವುದನ್ನೋ ಕಾದು ಕುಳಿತ ಸರಕು. ಮನೆವಾರ್ತೆಯವರ ಲೆಕ್ಕವೇ ಬೇರೆ. ಹಳೆಯ ಮನೆಗಳಲ್ಲಿ ಅಟ್ಟದ ಕೆಳಗೆ ಒಲೆಯಿದ್ದಾಗ ಅದರ ಕಾವು ಮೇಲಿನ ಕಾಯಿಗೂ, ಮೇಲಿನ ಕಾಯಿಯ ರಾಶಿಯ ತಂಪು ಕೆಳಗಿನ ಕೋಣೆಗೂ ದೊರೆಯುತ್ತಿತ್ತು. ಸುಲಿದ ಸಿಪ್ಪೆ ಮತ್ತೆ ಅದೇ ಒಲೆಗೆ ಉರುವಲು, ಗರಿಯ ಕಡ್ಡಿ ಪೊರಕೆ, ಕರಟಕ್ಕೆ ಹಿಡಿ ಸೇರಿಸಿದರೆ ಸೌಟು. ಮನೆಯೆಂಬುದು ನಾಲ್ಕು ಗೋಡೆಗಳಲ್ಲ, ಒಂದರ ಶೇಷವು ಇನ್ನೊಂದರ ಆರಂಭವಾಗುವ ಈ ಕ್ರಮವೇ ಎಂಬುದನ್ನು ಅಂಥ ಮನೆಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ಜೈನ ಅಡುಗೆಗೆ ತೆಂಗು ಮಾಡಿದ ಉಪಕಾರವು ಪ್ರತ್ಯೇಕವಾದುದು. ಕಂದಮೂಲಗಳನ್ನು ತಿನ್ನಬೇಕಾದರೆ ಗಿಡವನ್ನೇ ಕಿತ್ತು ಕೊಲ್ಲಬೇಕು. ಮೇಲಾಗಿ ಒಂದೊಂದು ಗಡ್ಡೆಯೂ ಅನಂತಕಾಯವೆಂದು ಶಾಸ್ತ್ರವು ಎಣಿಸುತ್ತದೆ. ತೆಂಗಿನ ಕಾಯಿ ಕಿತ್ತರೆ ಮರ ಸಾಯುವುದಿಲ್ಲ, ದಶಕಗಳ ಕಾಲ ಫಲ ಕೊಡುತ್ತಲೇ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಮೂಲಂಗಿಗಳನ್ನು ಬಿಟ್ಟ ಸಾರಿಗೆ ಮಂದತೆ ಎಲ್ಲಿಂದ ಬರಬೇಕು? ಹುರಿದು ಅರೆದ ಕೊಬ್ಬರಿಯಿಂದ ಬರುತ್ತದೆ. ಧನಿಯ, ಜೀರಿಗೆ, ಮೆಣಸು, ಒಣಶುಂಠಿ, ಒಣಗಿಸಿದ ಅರಿಸಿನ, ಇವಿಷ್ಟಕ್ಕೆ ಕಾಯಿ ಕೂಡಿದರೆ ಅವರೆಕಾಳಿನ ಸಾರಿಗಾಗಲಿ ಹುರುಳಿಯ ಕಟ್ಟಿಗಾಗಲಿ ಕೊರತೆಯಿಲ್ಲ. ರಾಗಿಮುದ್ದೆಯ ನಾಡಿನಲ್ಲಿ ಜೈನಮನೆಯ ಊಟವು ನೆರೆಮನೆಯ ಊಟದಂತೆಯೇ ಕಂಡು, ಎರಡೋ ಮೂರೋ ಪದಾರ್ಥಗಳಲ್ಲಿ ಮಾತ್ರ ಬೇರೆಯಾಗಿರುವುದು ಹೀಗೆ ಸಾಧ್ಯವಾಯಿತು. ಜೇನನ್ನು ಬಿಟ್ಟ ಮನೆಗೆ ಬೆಲ್ಲವಿತ್ತು. ಬೆಲ್ಲಕ್ಕೆ ಕಾಯಿತುರಿ ಕೂಡಿದರೆ ಹೋಳಿಗೆಯಾಯಿತು.

ಈವರೆಗೆ ಹೇಳಿದ್ದು ಮನೆಯ ನೆಮ್ಮದಿಯ ಮುಖ. ಜೈನಾಚಾರ್ಯರು ಅದರ ಇನ್ನೊಂದು ಮುಖವನ್ನೂ ಮರೆಮಾಚದೆ ಹೇಳಿದರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ದಾನವನ್ನು ವಿವರಿಸುವಾಗ, ದಾನ ಪಡೆಯುವ ಸಾಧುಗಳು ‘ಸೂನೆ’ಗಳಿಲ್ಲದವರು ಎನ್ನುತ್ತದೆ. ಸೂನೆಯೆಂದರೆ ವಧಾಸ್ಥಾನ. ಗೃಹಸ್ಥನ ಮನೆಯಲ್ಲಿ ಅಂಥವು ಐದು ಇವೆ: ಕುಟ್ಟುವ ಒರಳು, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಕಸಬರಿಗೆ. ಮನೆಯಲ್ಲಿ ಅತ್ಯಂತ ಪ್ರಿಯವಾದ ಐದು ವಸ್ತುಗಳ ಪಟ್ಟಿಯೂ ಇದೇ ಆದೀತು. ಬೆಚ್ಚಗಿನ ಮನೆಯೊಂದು ಇರಬೇಕಾದರೆ ಈ ಐದೂ ಬೇಕು, ಐದರಲ್ಲಿಯೂ ಕಣ್ಣಿಗೆ ಕಾಣುವ ಮತ್ತು ಕಾಣದ ಜೀವಗಳು ಸಾಯುತ್ತವೆ. ಶಾಸ್ತ್ರವು ಗೃಹಸ್ಥನಿಗೆ ಒಲೆಯನ್ನು ಆರಿಸು ಎನ್ನಲಿಲ್ಲ. ಮನೆಗೆಲಸದಿಂದ ಕೂಡಿಬಂದ ಕರ್ಮವನ್ನು ಅತಿಥಿಗಳ ಸತ್ಕಾರವು ತೊಳೆಯುತ್ತದೆ, ನೀರು ರಕ್ತವನ್ನು ತೊಳೆಯುವಂತೆ, ಎಂಬ ಭಾವವನ್ನು ಮುಂದಿನ ಶ್ಲೋಕದಲ್ಲಿಯೇ ಇಟ್ಟಿತು. ಅಡುಗೆಮನೆಯ ಮಾತಿನಲ್ಲಿ ರಕ್ತದ ಉಪಮೆ ಕಠೋರವೆಂದು ತೋರಬಹುದು. ಆದರೆ ಆಚಾರ್ಯರು ಅದನ್ನು ಬೇಕೆಂದೇ ಆರಿಸಿಕೊಂಡಂತಿದೆ.

ದಿನನಿತ್ಯದ ನಿಯಮಗಳೆಲ್ಲವೂ ಈ ಐದು ವಸ್ತುಗಳ ಸುತ್ತಲೇ ಬೆಳೆದುವು. ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸುವುದು. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಿಗಳು ಸಾಯದಂತೆ ಅದೇ ನೀರಿನಿಂದ ತೊಳೆದು, ತಂದ ಬಾವಿಗೇ ಮರಳಿ ಬಿಡುವುದು. ಹೀಗೆ ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಎಂದರೆ ೪೮ ನಿಮಿಷ. ಕುದಿಸಿದರೆ ೨೪ ಗಂಟೆ. ಬೀಸಿದ ಹಿಟ್ಟಿನ ಮರ್ಯಾದೆ ಮಳೆಗಾಲದಲ್ಲಿ ೩ ದಿನ, ಬೇಸಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನ. ಉರುವಲನ್ನು ಬಡಿದು ಹುಳುವಿಲ್ಲವೆಂದು ನೋಡಿ ಒಲೆಗಿಡುವುದು. ಒಂದು ಪದಾರ್ಥವು ಎಷ್ಟು ಕಾಲ ಬಳಕೆಗೆ ಯೋಗ್ಯವೆಂದು ಡಬ್ಬಿಯ ಮೇಲೆ ಅಚ್ಚು ಹಾಕುವ ಕಾನೂನುಗಳು ಇತ್ತೀಚಿನವು. ಋತುವಿಗೆ ತಕ್ಕಂತೆ ಬದಲಾಗುವ ಲೆಕ್ಕವು ಜೈನ ಗೃಹಿಣಿಯರ ನೆನಪಿನಲ್ಲಿ ಶತಮಾನಗಳಿಂದ ಇದೆ.

ಈ ನಿಯಮಗಳು ಎಲ್ಲ ಕಾಲದಲ್ಲಿಯೂ ಒಂದೇ ರೂಪದಲ್ಲಿದ್ದುವೆಂದು ಭಾವಿಸುವುದು ಸರಿಯಲ್ಲ. ಸಮಂತಭದ್ರರು ಎಂಟು ಮೂಲಗುಣಗಳನ್ನು ಹೇಳುವಾಗ ಐದು ಅಣುವ್ರತಗಳನ್ನೂ ಮದ್ಯ, ಮಾಂಸ, ಮಧುಗಳ ತ್ಯಾಗವನ್ನೂ ಎಣಿಸಿದರು. ರಾತ್ರಿಭೋಜನದ ತ್ಯಾಗವು ಅವರಲ್ಲಿ ಹನ್ನೊಂದು ಪ್ರತಿಮೆಗಳ ಪೈಕಿ ಆರನೆಯ ಮೆಟ್ಟಿಲು. ೧೩ನೆಯ ಶತಮಾನದ ಆಶಾಧರ ಪಂಡಿತರ ಸಾಗಾರಧರ್ಮಾಮೃತಕ್ಕೆ ಬರುವ ವೇಳೆಗೆ ರಾತ್ರಿ ಉಣ್ಣದಿರುವುದೂ ನೀರನ್ನು ಸೋಸುವುದೂ ಎಂಟು ಮೂಲಗುಣಗಳ ಒಂದು ಪಟ್ಟಿಯೊಳಗೇ ಸೇರಿಕೊಂಡಿವೆ. ಕೆಲವರು ಏರಬೇಕಾದ ಮೆಟ್ಟಿಲು ಎಲ್ಲರೂ ನಿಲ್ಲಬೇಕಾದ ನೆಲವಾಯಿತು. ಈ ಬದಲಾವಣೆಯನ್ನು ಸಭೆ ಸೇರಿ ನಿರ್ಣಯಿಸಿದವರು ಯಾರೂ ಇಲ್ಲ. ಮನೆಮನೆಗಳಲ್ಲಿ ದಿನವೂ ನಡೆದದ್ದನ್ನು ಗ್ರಂಥವು ಗುರುತಿಸಿತು ಎಂದು ತಿಳಿಯುವುದೇ ಹೆಚ್ಚು ಯುಕ್ತ.

ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವುದರ ಕಾರಣ ಜೀವದಯೆ. ದೀಪಕ್ಕೆ ಬಂದು ಬೀಳುವ ಹುಳುಗಳನ್ನು ಉಳಿಸುವುದು. ಆದರೆ ಅದರ ಪರಿಣಾಮ ಇನ್ನೊಂದಿದೆ, ಅದನ್ನು ಶಾಸ್ತ್ರಗಳು ಹೇಳಿಲ್ಲ. ಹೊತ್ತು ಮುಳುಗುವ ಮುನ್ನ ಊಟವೆಂದಾಗ ತೋಟದಿಂದ, ಅಂಗಡಿಯಿಂದ, ಶಾಲೆಯಿಂದ ಎಲ್ಲರೂ ಆ ಹೊತ್ತಿಗೆ ಮನೆಗೆ ಬರಲೇಬೇಕು. ದಿನಕ್ಕೊಮ್ಮೆಯಾದರೂ ಇಡೀ ಮನೆ ಒಂದು ಪಂಕ್ತಿಯಲ್ಲಿ ಕುಳಿತುಕೊಳ್ಳುತ್ತಿತ್ತು. ವಿದ್ಯುದ್ದೀಪ ಬಂದ ಮೇಲೆ ಹುಳುಗಳ ವಾದವು ಬಲಗುಂದಿತೆನ್ನುವವರಿದ್ದಾರೆ. ಪಂಕ್ತಿ ಚದುರಿದ್ದನ್ನು ಅವರು ಲೆಕ್ಕಕ್ಕೆ ಹಿಡಿದಂತಿಲ್ಲ.

ರುಚಿಯ ವಿಷಯಕ್ಕೆ ಬಂದರೆ ಜೈನ ಅಡುಗೆಯೆಂದರೆ ಬರಿಯ ನಿಷೇಧಗಳ ಪಟ್ಟಿಯೆಂಬ ಮಾತು ಹೊರಗಿನವರಲ್ಲಿ ರೂಢಿಯಾಗಿದೆ, ಒಳಗಿನವರಲ್ಲಿಯೂ ಕೆಲವರಿಗೆ ಹಾಗೆಯೇ ಅನ್ನಿಸಿದೆ. ಇದಕ್ಕೆ ಉತ್ತರ ಮೂರನೆಯ ಮಂಗರಸನ ಸೂಪಶಾಸ್ತ್ರ. ಚಂಗಾಳ್ವರ ಸೀಮೆಯ ಕಲ್ಲಹಳ್ಳಿಯ ಈ ಜೈನ ಪ್ರಭು ಸುಮಾರು ೧೫೦೮ರಲ್ಲಿ ಇದ್ದವನು. ನೇಮಿಜಿನೇಶ ಸಂಗತಿ, ಸಮ್ಯಕ್ತ್ವ ಕೌಮುದಿ ಮೊದಲಾದ ಧಾರ್ಮಿಕ ಕಾವ್ಯಗಳನ್ನು ಬರೆದ ಕೈಯಿಂದಲೇ ಅಡುಗೆಯ ಗ್ರಂಥವನ್ನೂ ವಾರ್ಧಕ ಷಟ್ಪದಿಯಲ್ಲಿ ಬರೆದನು. ಕನ್ನಡದಲ್ಲಿ ಅಡುಗೆಯ ವಿಚಾರ ಆತನಿಗಿಂತ ಹಿಂದೆಯೂ ಇತ್ತು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು ೧೦೨೫ರಲ್ಲಿ, ಚಾವುಂಡರಾಯನೆಂಬ ಕವಿ (ಗೊಮ್ಮಟನನ್ನು ನಿಲ್ಲಿಸಿದವನಲ್ಲ, ಆತನ ಹೆಸರಿನ ಇನ್ನೊಬ್ಬ) ಲೋಕೋಪಕಾರದಲ್ಲಿ ಪಾಕಕ್ಕೆ ಸ್ಥಾನ ಕೊಟ್ಟಿದ್ದನು. ೧೨ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಸಂಸ್ಕೃತ ಮಾನಸೋಲ್ಲಾಸವು ಅರಸನ ಊಟವನ್ನು ವರ್ಣಿಸಿತು; ಅಲ್ಲಿ ಮಾಂಸದ ಅಡುಗೆಗಳೂ ಧಾರಾಳವಾಗಿವೆ. ಮಂಗರಸನದು ಸಂಪೂರ್ಣ ಸಸ್ಯಾಹಾರ. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನ ಪಾಯಸಗಳು, ಕಾಯಿಪಲ್ಯಗಳು ಎಂದು ಆರು ಅಧ್ಯಾಯಗಳಲ್ಲಿ ಅದು ಹರಡಿದೆ. ಹಲಸು, ಬಾಳೆ, ಬಿದಿರ ಕಳಲೆಗಳಿಗೂ ಅಲ್ಲಿ ಸ್ಥಾನವುಂಟು. ಖಾರಕ್ಕೆ ಆತನ ಕಾಲದ ಒಲೆಯಲ್ಲಿದ್ದುದು ಕರಿಮೆಣಸು. ಮೆಣಸಿನಕಾಯಿಯೂ ಟೊಮೇಟೊ, ಆಲೂಗಡ್ಡೆಗಳೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದು ನೆಲೆಯೂರಿದ್ದು ಆಮೇಲೆ.

ಶ್ರಾವಕರು ಗಮನಿಸಬೇಕಾದ ಸಂಗತಿ ನಾಲ್ಕನೆಯ ಅಧ್ಯಾಯದಲ್ಲಿದೆ. ಅದು ಬದನೆಕಾಯಿಗೆ ಮೀಸಲು. ಬಹುಬೀಜವೆಂಬ ಕಾರಣದಿಂದ ಬದನೆಯನ್ನು ಅಭಕ್ಷ್ಯಗಳ ಸಾಲಿನಲ್ಲಿ ಎಣಿಸಿ ಬಿಟ್ಟವರು ಇಂದು ಅನೇಕರಿದ್ದಾರೆ. ಜಿನಚರಿತೆಗಳನ್ನು ಬರೆದ ಕವಿಯೇ ಬದನೆಯ ಬಗೆಬಗೆಯ ಪಾಕಗಳನ್ನು ಸಂತೋಷದಿಂದ ವಿವರಿಸಿದ್ದಾನೆ. ಇದರಿಂದ ಇಂದಿನವರ ತ್ಯಾಗ ಸುಳ್ಳಾಗುವುದಿಲ್ಲ. ಮಂಗರಸನ ಶ್ರದ್ಧೆಯೂ ಸುಳ್ಳಾಗುವುದಿಲ್ಲ. ನಾಡಿನಿಂದ ನಾಡಿಗೆ, ಕಾಲದಿಂದ ಕಾಲಕ್ಕೆ ಅಡುಗೆಮನೆಯ ಗಡಿ ಸ್ವಲ್ಪ ಸ್ವಲ್ಪ ಸರಿದಿದೆ ಎಂಬುದಷ್ಟೇ ಇದರ ಅರ್ಥ. ನೆರೆಮನೆಯವರ ಪಾತ್ರೆಯೊಳಗೆ ಇಣುಕಿ ನೋಡಿ ತೀರ್ಪು ಕೊಡುವ ಅಭ್ಯಾಸವುಳ್ಳವರು ಈ ಅಧ್ಯಾಯವನ್ನು ಒಮ್ಮೆ ಓದುವುದು ಒಳ್ಳೆಯದು. ಶ್ರವಣಬೆಳಗೊಳದ ದೊಡ್ಡ ಬೆಟ್ಟದ ಮೇಲೆ ಗೊಮ್ಮಟೇಶ್ವರನ ಎದುರಿಗೆ ನಿಂತಿರುವ ಗುಳ್ಳಕಾಯಜ್ಜಿಯ ಕೈಯಲ್ಲಿರುವುದೂ ಬದನೆಯ ಜಾತಿಯ ಗುಳ್ಳಕಾಯಿಯೇ. ಕೊಡಗಟ್ಟಲೆ ಹಾಲು ತಲುಪದ ಪಾದವನ್ನು ಆಕೆ ಆ ಪುಟ್ಟ ಕಾಯಿಯ ಓಡಿನಲ್ಲಿ ತಂದ ಹಾಲು ತಲುಪಿತೆಂದು ಐತಿಹ್ಯ.

ಇಲ್ಲಿಗೆ ಮನೆಯಡುಗೆಯು ದಾನದ ವಿಷಯವನ್ನು ಮುಟ್ಟುತ್ತದೆ. ಆದಿನಾಥಸ್ವಾಮಿಯು ದೀಕ್ಷೆ ವಹಿಸಿದ ಬಳಿಕ ಆಹಾರಕ್ಕೆಂದು ಊರೂರು ತಿರುಗಿದಾಗ ಜನರು ರತ್ನಗಳನ್ನು ತಂದರು, ಆನೆಕುದುರೆಗಳನ್ನು ತಂದರು, ಕನ್ಯೆಯರನ್ನು ತಂದು ನಿಲ್ಲಿಸಿದರು. ತಮ್ಮ ಮನೆಯಲ್ಲಿ ಇದ್ದುದನ್ನು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಒಂದು ವರ್ಷಕ್ಕೂ ಮೀರಿದ ಉಪವಾಸದ ಕೊನೆಗೆ ಹಸ್ತಿನಾಪುರದ ಶ್ರೇಯಾಂಸನು ಕಬ್ಬಿನ ಹಾಲನ್ನು ಕೊಟ್ಟನು. ಆ ದಿನವೇ ಅಕ್ಷಯತೃತೀಯಾ. ಇಂದು ಆ ದಿನ ಚಿನ್ನ ಕೊಳ್ಳುವವರ ಸಾಲು ಉದ್ದವಾಗಿರುತ್ತದೆ. ಶ್ರೇಯಾಂಸನಿಗೆ ಮೊದಲು ಬಂದವರು ತಂದದ್ದೂ ಅದನ್ನೇ ಎಂಬುದು ಯಾರಿಗೂ ನೆನಪಾಗುವುದಿಲ್ಲ.

ದಿಗಂಬರ ಮುನಿಗಳು ದಿನಕ್ಕೊಮ್ಮೆ, ನಿಂತು, ಕರಪಾತ್ರದಲ್ಲಿ ಆಹಾರ ಸ್ವೀಕರಿಸುವರೆಂಬುದು ಎಲ್ಲರಿಗೂ ತಿಳಿದಿದೆ. ಆ ಆಹಾರದ ೪೬ ದೋಷಗಳನ್ನು ಮೂಲಾಚಾರದ ಪರಂಪರೆಯು ಎಣಿಸುತ್ತದೆ. ಅವುಗಳಲ್ಲಿ ಮುಖ್ಯವಾದ ಒಂದು ಔದ್ದೇಶಿಕ, ಎಂದರೆ ಮುನಿಗಳನ್ನು ಉದ್ದೇಶಿಸಿಯೇ ಮಾಡಿದ ಅಡುಗೆ. ಗೃಹಸ್ಥನು ತನಗಾಗಿ, ತನ್ನ ಮನೆಯವರಿಗಾಗಿ ಮಾಡಿಕೊಂಡ ಊಟದಲ್ಲಿ ಒಂದು ಪಾಲು ಮಾತ್ರ ಮುನಿಗಳಿಗೆ ಸಲ್ಲಬಹುದು. ಇದರ ಅರ್ಥವನ್ನು ಬಿಡಿಸಿ ನೋಡಿದರೆ, ಮುನಿಗಳು ಬರುವ ದಿನಕ್ಕೆಂದು ಅಡುಗೆಮನೆ ಶುದ್ಧವಾಗುವಂತಿಲ್ಲ. ಅದು ಯಾರೂ ಬಾರದ ಮಂಗಳವಾರದಂದೂ ಹಾಗೆಯೇ ಇರಬೇಕು. ಮಕ್ಕಳಿಗೆ ಬಡಿಸಿದ ಮುದ್ದೆ ಸಾರಿಗಿಂತ ಬೇರೆಯಾದ ಶ್ರೇಷ್ಠ ಪಾಕವೊಂದು ಮುನಿಗಳಿಗಾಗಿ ಇಲ್ಲ.

ಶಾಸನಗಳು ಇಲ್ಲಿ ಒಂದು ತೊಡಕನ್ನು ಮುಂದಿಡುತ್ತವೆ. ಕರ್ನಾಟಕದ ಬಸದಿಗಳಿಗೆ ಸಂಬಂಧಿಸಿದ ದಾನಶಾಸನಗಳಲ್ಲಿ ಭೂಮಿಯನ್ನು ಬಿಟ್ಟ ಉದ್ದೇಶಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರುತ್ತವೆ: ದೇವರ ಪೂಜೆ, ಜೀರ್ಣೋದ್ಧಾರ, ಋಷಿಗಳ ಆಹಾರದಾನ. ೧೧೨೩ರಲ್ಲಿ ಶಾಂತಲದೇವಿಯು ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಪೂಜೆಗೂ ಋಷಿಗಳ ಆಹಾರಕ್ಕೂ ಊರನ್ನು ಬಿಟ್ಟಳು. ಮುನಿಗಳನ್ನು ಉದ್ದೇಶಿಸಿದ ಅಡುಗೆ ದೋಷವಾದರೆ, ಮುನಿಗಳ ಆಹಾರವನ್ನು ಉದ್ದೇಶಿಸಿದ ಭೂಮಿ ಏನು? ಮಠಗಳಲ್ಲಿ ಗುರುಗಳು ಸ್ಥಿರವಾಗಿ ನೆಲೆಸಿದ ಕಾಲದಲ್ಲಿ ಮನೆಯ ಒಲೆಯ ಕೆಲಸವು ಸಂಸ್ಥೆಯ ಒಲೆಗೆ ದಾಟಲು ಆರಂಭವಾಗಿತ್ತೆಂದು ಇದರಿಂದ ಊಹಿಸಬಹುದು. ದಾನಿಗಳ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಆದರೂ ದತ್ತಿ ಬಿಟ್ಟವನು ತನ್ನ ಮನೆಯ ಒಲೆಯ ಚಿಂತೆಯನ್ನು ಬಿಡಬಹುದೆಂಬ ಅಪಾಯವು ಹೊಸದಲ್ಲ, ಅದು ಕನಿಷ್ಠ ಹೊಯ್ಸಳರ ಕಾಲದಷ್ಟು ಹಳೆಯದು.

ಇಂದು ವಿಹಾರದಲ್ಲಿರುವ ಸಂಘವು ಊರಿಗೆ ಬಂದಾಗ ಕಲ್ಯಾಣಮಂಟಪದ ಪಕ್ಕದಲ್ಲಿ ಪ್ರತ್ಯೇಕ ಚೌಕಗಳು ಏಳುತ್ತವೆ. ಹೊಸ ಪಾತ್ರೆಗಳು ಬರುತ್ತವೆ. ಬಾವಿಯ ನೀರನ್ನು ದೂರದಿಂದ ತರಿಸಲಾಗುತ್ತದೆ. ಚೌಕದವರು ತಾವೂ ಅದನ್ನೇ ಉಣ್ಣುವುದರಿಂದ ನಿಯಮಕ್ಕೆ ಭಂಗವಿಲ್ಲವೆಂಬ ಸಮಾಧಾನವುಂಟು. ಜೈನಮನೆಗಳು ವಿರಳವಾಗಿರುವ ತುಮಕೂರು ಜಿಲ್ಲೆಯಂಥ ಕಡೆ ಬೇರೆ ದಾರಿಯೂ ಕಡಿಮೆ. ಆದರೆ ಸಂಘವು ಮುಂದಿನ ಊರಿಗೆ ಹೊರಟ ಮೇಲೆ ಆ ಪಾತ್ರೆಗಳು ಟ್ರಸ್ಟಿನ ಕಪಾಟು ಸೇರುತ್ತವೆ, ಮನೆಗಳಲ್ಲಿ ಸೋಸುವ ಬಟ್ಟೆ ಮತ್ತೆ ಕಾಣುವುದಿಲ್ಲ. ಭೋಜನಶಾಲೆಗೆ ಲಕ್ಷಗಳನ್ನು ತೆಗೆದಿಡುವ ಟ್ರಸ್ಟುಗಳು, ಹಿಟ್ಟಿನ ಮರ್ಯಾದೆಯನ್ನೂ ನೀರು ಸೋಸುವ ವಿಧಾನವನ್ನೂ ಹೊಸದಾಗಿ ಮದುವೆಯಾದ ದಂಪತಿಗಳಿಗೆ ಮನೆಯಲ್ಲಿಯೇ ಹೇಳಿಕೊಡುವ ಹಿರಿಯರನ್ನು ಗುರುತಿಸಿ ಕಳುಹಿಸಿದರೆ ಅದಕ್ಕೆ ತಗಲುವ ವೆಚ್ಚ ಬಸ್ಸಿನ ಟಿಕೆಟ್ಟು ಮಾತ್ರ. ಗ್ಯಾಸಿನ ಒಲೆ, ಮಿಕ್ಸಿ, ನಲ್ಲಿಯ ನೀರುಗಳಿರುವ ಮನೆಯಲ್ಲಿ ಐದು ಸೂನೆಗಳ ಹೆಸರು ಬದಲಾಗಿದೆ, ಎಣಿಕೆ ಬದಲಾಗಿಲ್ಲ.

ಮುನಿಗಳ ತಪಸ್ಸುಗಳಲ್ಲಿ ವೃತ್ತಿಪರಿಸಂಖ್ಯಾನವೆಂಬುದು ಒಂದು. ಆಹಾರಕ್ಕೆ ಹೊರಡುವ ಮುನ್ನ ಅವರು ಇಂಥ ಬೀದಿ, ಇಂಥ ಮನೆ, ಇಂಥ ಗುರುತು ಕಂಡರೆ ಮಾತ್ರ ಎಂದು ಮನಸ್ಸಿನಲ್ಲಿಯೇ ಸಂಕಲ್ಪ ಮಾಡಿಕೊಳ್ಳುತ್ತಾರೆ, ಯಾರಿಗೂ ಹೇಳುವುದಿಲ್ಲ. ಆದ್ದರಿಂದ ಬೀದಿಯಲ್ಲಿ ಹತ್ತು ಶ್ರಾವಕರ ಮನೆಗಳಿದ್ದರೆ ಹತ್ತರಲ್ಲಿಯೂ ನೀರು ಸೋಸಿ, ಹಿಟ್ಟಿನ ದಿನ ಎಣಿಸಿ, ಕಾಯಿ ತುರಿದು ಅಡುಗೆ ಸಿದ್ಧವಾಗುತ್ತದೆ, ಹತ್ತು ಬಾಗಿಲುಗಳಲ್ಲಿಯೂ ದಂಪತಿಗಳು ಕಲಶ ಹಿಡಿದು ನಿಲ್ಲುತ್ತಾರೆ. ಮುನಿಗಳು ಹೋಗುವುದು ಒಂದು ಮನೆಗೆ. ಪುರಾಣಗಳೂ ಶಾಸನಗಳೂ ದಾಖಲಿಸುವುದು ಆ ಒಂದು ಮನೆಯನ್ನು. ಉಳಿದ ಒಂಬತ್ತು ಮನೆಗಳವರು ಸ್ವಲ್ಪ ಹೊತ್ತು ಬಾಗಿಲಲ್ಲಿಯೇ ನಿಂತಿದ್ದು, ಕಲಶವನ್ನು ಒಳಗಿಟ್ಟು, ಮಕ್ಕಳನ್ನು ಕರೆದು ಎಲೆ ಹಾಕುತ್ತಾರೆ.